ಮುಷ್ಟಿಯೋಧೆಯೂ ಆಕೆಯ ಗುರುವೂ

ಗುರುಶಿಷ್ಯರ ಸಂಬಂಧವು ಎಷ್ಟು ಆಳವಾದುದೆಂಬುದನ್ನು ಮನಮುಟ್ಟುವಂತೆ ಕಾಣಿಸುವ ಒಂದು ಚಲಚ್ಚಿತ್ರವನ್ನು ಕುರಿತು ಇಲ್ಲಿ ವಿಚಾರಮಾಡುವೆವು. ಅಮೆರಿಕದ ಕ್ಲಿಂಟ್ ಈಸ್ಟ್‌ವುಡ್ ಎಂಬವರು ನಿರ್ದೇಶಿಸಿ, ಗುರುವಿನ ಪಾತ್ರವನ್ನೂ ತಾವೇ ವಹಿಸಿದ 'ಮಿಲಿಯನ್ ಡಾಲರ್ ಬೇಬಿ' ಎಂಬ ಈ ಚಿತ್ರವು 2004ರಲ್ಲಿ ಹೊರಬಂದಿತು. ಮರುವರ್ಷ ಇದಕ್ಕೆ ಶ್ರೇಷ್ಠ ಚಿತ್ರವೆಂಬ ಬಹುಮಾನವೂ ಸೇರಿ ನಾಲ್ಕು ಆಸ್ಕರ್ ಪಾರಿತೋಷಕಗಳು ದೊರೆತುವು.

ಕಥಾನಾಯಕಿಯಾದ ಮ್ಯಾಗಿಯು ಮಿಸೌರಿ ಪ್ರಾಂತದ ಬಡವರ ಮಗಳು. ಲಾಸ್ ಏಂಜಲೀಸ್ ನಗರದ ಹೋಟೆಲಿನಲ್ಲಿ ಬಡಿಸುವವಳು. ಗಿರಾಕಿಗಳು ತಿಂದು ಬಿಟ್ಟುದನ್ನು ಕಟ್ಟಿಕೊಂಡು ಹೋಗಿ ಉಣ್ಣುವಷ್ಟು ಬಡತನ. ವಯಸ್ಸು 30 ದಾಟಿದ್ದರೂ ಮುಷ್ಟಿಯುದ್ಧವನ್ನು ಕಲಿಯಬೇಕೆಂಬ ಹಂಬಲ ಆಕೆಗೆ. ವೃದ್ಧನಾದ ಫ್ರಾಂಕಿಯು, ತಾನು ಹೆಂಗಸರಿಗೆ ಕಲಿಸುವವನಲ್ಲವೆಂದು ಹೇಳಿಬಿಡುವನು. ಹೆಂಗಸರ ಮುಷ್ಟಿಯುದ್ಧವು ಒಲಿಂಪಿಕ್ ಪದಕಕ್ಕೆ ಅರ್ಹವಾದುದೇ 2012ರಲ್ಲಿ ಎಂಬುದನ್ನು ನೆನೆದರೆ ಇದು ಆಶ್ಚರ್ಯವಲ್ಲ. ಆದರೂ ಎಲ್ಲರೂ ಹೋದ ಮೇಲೆ ಅವಳೊಬ್ಬಳೇ ಗರಡಿಯಲ್ಲಿ ಮರಳಚೀಲವನ್ನು ಗುದ್ದುತ್ತಿರುವಳು. ಕಡೆಗೆ ಅವನ ಮನಸ್ಸು ಕರಗುವುದು.

ಸದಾ ನಿನ್ನನ್ನು ನೀನು ಕಾಪಾಡಿಕೊ ಎಂಬುದೇ ಅವನ ಮುಖ್ಯ ಪಾಠ. ಅವನ ಸ್ವಂತ ಮಗಳು ದೂರವಾಗಿದ್ದಾಳೆ; ಅವನು ಬರೆದ ಕಾಗದಗಳು ಒಡೆಯದೆಯೇ ಹಿಂದಿರುಗುತ್ತವೆ. ಮ್ಯಾಗಿಗೆ ತಂದೆಯಿಲ್ಲ, ತಾಯಿಯೋ, ಮಗಳು ಮನೆ ಕೊಂಡುಕೊಟ್ಟರೂ ಗೊಣಗುವವಳು. ಹೀಗಿರಲು ಆ ಗರಡಿಯೇ ಅವರಿಬ್ಬರಿಗೂ ಮನೆಯಾಗುವುದು.

ಪದವಿಯ ಪಂದ್ಯದಲ್ಲಿ, ಸುತ್ತು ಮುಗಿದ ಗಂಟೆಯನ್ನು ಬಾರಿಸಿದ ಮೇಲೆ ಮ್ಯಾಗಿಯು ಕೈಯಿಳಿಸಿ ತಿರುಗುವಳು. ಆಗ ಎದುರಾಳಿಯು ನಿಯಮ ಮೀರಿ ಹೊಡೆಯುವಳು. ಬೀಳುವಾಗ ಪೀಠಕ್ಕೆ ತಗಲಿ ಮ್ಯಾಗಿಯ ಕುತ್ತಿಗೆ ಮುರಿಯುವುದು, ಮೈಯೆಲ್ಲ ಚಲನೆಯಿಲ್ಲದಾಗುವುದು. ಆಸ್ತಿಗಾಗಿ ವಕೀಲನೊಡನೆ ಬಂದ ಮನೆಯವರು ರುಜು ಹಾಕೆಂದು ಅವಳ ಬಾಯಿಗೆ ಲೇಖನಿಯನ್ನು ಇಡುವರು. ಫ್ರಾಂಕಿಯೊಬ್ಬನೇ ಹಾಸಿಗೆಯ ಬಳಿ ಕುಳಿತು ಓದಿ ಹೇಳುವನು. ಕೊನೆಗೆ ತನ್ನ ಜೀವವನ್ನು ಮುಗಿಸೆಂದು ಆಕೆ ಅವನನ್ನೇ ಬೇಡುವಳು. ಪಾದ್ರಿಗಳು ಬೇಡವೆಂದರೂ ಅವನು ಹಾಗೆಯೇ ಮಾಡುವನು.

ಇದು ಸರಿಯೆ? ನಾವು ಒಪ್ಪಲಾರೆವು. ಜೀವವು ದೇವರ ವರ; ಅದನ್ನು ತೆಗೆಯುವ ಅಧಿಕಾರ ನಮಗಿಲ್ಲ. ಅಂಗಹೀನರ ಬಾಳು ಬಾಳಲ್ಲವೆಂಬ ತಪ್ಪು ಭಾವನೆಯನ್ನು ಚಿತ್ರವು ಹುಟ್ಟಿಸುವುದೆಂದು ಅಂತಹವರ ಸಂಘಗಳೇ 2005ರಲ್ಲಿ ಪ್ರತಿಭಟಿಸಿದುವು. ಅವರ ಮಾತು ನ್ಯಾಯವಾದುದು. ಆದರೆ ಫ್ರಾಂಕಿಯ ಮೇಲೆ ಕಲ್ಲೆಸೆಯಲೂ ನಮಗೆ ಮನಸ್ಸು ಬಾರದು. ಅವನು ಅತ್ತುದನ್ನು ನಾವು ಕಂಡಿದ್ದೇವೆ.

ಪ್ರಿಯ ಸೋದರಿಯರೇ, ಮ್ಯಾಗಿಯ ಛಲವನ್ನು ನಾವು ಕಲಿಯೋಣ. ಅದಕ್ಕಿಂತ ಮಿಗಿಲಾಗಿ, ಗೆದ್ದವರ ಬಳಿ ನೂರು ಮಂದಿ ನಿಲ್ಲುವರು, ಬಿದ್ದವರ ಹಾಸಿಗೆಯ ಬಳಿ ನಿಲ್ಲುವವರೇ ವಿರಳ ಎಂಬುದನ್ನು ನೆನೆದು, ಆ ವಿರಳರಲ್ಲಿ ನಾವೂ ಸೇರುವಂತೆ ಪ್ರಾರ್ಥಿಸೋಣ.