ನೀ, ನೀವು ಮತ್ತು ‘ರೀ’



ಒಬ್ಬರನ್ನು ಮಾತಾಡಿಸುವಾಗ ಮರ್ಯಾದೆ ಎಲ್ಲಿರುತ್ತದೆ? ನಮ್ಮ ಹಾವೇರಿ ಕಡೆ ಅದು ಮಾತಿನ ತುದಿಯಾಗ ಇರತೈತಿ. ‘ಬಾ’ ಅಂದ್ರ ಸಲಿಗೆ, ‘ಬರ್ರಿ’ ಅಂದ್ರ ಗೌರವ. ಈ ‘ರಿ’ ಬಂದದ್ದು ‘ಮಾಡಿರಿ, ನೋಡಿರಿ’ ಎಂಬ ಬಹುವಚನ ರೂಪದಿಂದ. ನಾವು ಅದನ್ನು ಎಲ್ಲಾ ಕಡೆ ಹಚ್ಚುತ್ತೇವೆ: ಹೌದ್ರಿ, ಇಲ್ರಿ, ಎಲ್ಲಿಗ್ರಿ?

ಎರಡನೆಯದು, ಬಳಗದ ಹೆಸರು. ರಾಣೇಬೆನ್ನೂರ ಬಸ್ಸಿನಾಗ ಗುರುತಿಲ್ಲದವರೂ ನಮಗ ಕಾಕಾ, ಅಕ್ಕಾರ, ಅಣ್ಣಾರ. ಹಿರಿಯರು ಸಣ್ಣ ಹುಡುಗನಿಗೂ ‘ಯಪ್ಪಾ’, ಹುಡುಗಿಗೂ ‘ಯವ್ವಾ’ ಅಂತಾರ.

ದೂರದ ಅರಬ್ಬಿ ಆಡುಮಾತಿನಲ್ಲೂ ಹೀಗೇ ಇದೆ. ಸಿರಿಯಾ, ಲೆಬನಾನ್ ದೇಶಗಳಲ್ಲಿ ಹಿರಿಯ ಗಂಡಸರಿಗೆ ‘ಅಮ್ಮೋ’ ಎನ್ನುವರು. ನಗಬೇಡಿ, ಅಲ್ಲಿ ಅದರ ಅರ್ಥ ಕಾಕಾ! ಅಲ್ಲಿಯ ತಾಯಿ ಮಗುವನ್ನು ‘ಮಾಮಾ’ ಎಂದು ಕರೆಯುವುದುಂಟು. ಮಾಮಾ ಅಂದರೆ ಅವ್ವ. ನಮ್ಮ ‘ಯಪ್ಪಾ’ದ ಹಾಗೆಯೇ. ಈಜಿಪ್ತಿನಲ್ಲಿ ‘ನೀನು’ ಎನ್ನಲು ‘ಇಂತ’. ಗೌರವಕ್ಕೆ ‘ಹದ್ರಿತಕ್’, ಅಂದರೆ ‘ತಮ್ಮ ಸನ್ನಿಧಿ’.

ಅರಬ್ಬಿಯ ಎರಡು ಶಬ್ದ ನಮ್ಮ ಊರಿಗೂ ಬಂದಾವ. ಒಂದು ‘ಸಾಹೇಬ’, ಮೂಲ ಅರ್ಥ ಜೊತೆಗಾರ, ಒಡೆಯ. ಇನ್ನೊಂದು ‘ಹಮಾಲ’, ಅಂದರೆ ಹೊರೆ ಹೊರುವವನು. ಮೊದಲನೆಯದಕ್ಕೆ ‘ಸಾಹೇಬ್ರ, ಬರ್ರಿ’ ಅಂತೀವಿ. ಬ್ಯಾಡಗಿ ಪೇಟ್ಯಾಗ ಮೆಣಸಿನಕಾಯಿ ಚೀಲ ಹೊರುವ, ಅಜ್ಜನ ವಯಸ್ಸಿನ ಹಮಾಲನಿಗೆ ಸಣ್ಣ ಹುಡುಗರೂ ‘ಬಾರಲೇ’ ಅನ್ನೋದು ಕೇಳತೀವಿ. ಹೊಲಕ್ಕ ಕೂಲಿಗೆ ಬರುವ ಮುದುಕಿಯನ್ನು ಹೆಸರು ಹಿಡಿದೇ ಕೂಗತಾರ. ಅವರು ಮಾತ್ರ ಹುಡುಗನಿಗೆ ‘ರೀ’ ಅನ್ನಬೇಕು! ಇಲ್ಲಿ ವಯಸ್ಸು ನೋಡಲಿಲ್ಲ. ಜಾತಿ, ರೊಕ್ಕ ನೋಡಿದರು.

‘ನೀ’ ಕೆಟ್ಟ ಶಬ್ದವಲ್ಲ. ‘ಅವ್ವಾ, ನೀ ಉಂಡಿಯೇನು?’ ಎನ್ನುವಲ್ಲಿ ಪ್ರೀತಿ ಐತಿ. ಅವ್ವನೂ ನಮಗ ‘ನೀ’ ಅಂತಾಳ. ಆದರೆ ಒಬ್ಬ ‘ಲೇ’ ಅಂದು, ಇನ್ನೊಬ್ಬ ‘ರೀ’ ಅನ್ನಲೇಬೇಕಾದರೆ ಅದು ಸಲಿಗೆಯಲ್ಲ. 12ನೆಯ ಶತಮಾನದಲ್ಲಿ ಬಸವಣ್ಣನವರು ಮಾದಾರ ಚೆನ್ನಯ್ಯನನ್ನು ಅಪ್ಪ ಎಂದು ಕರೆದದ್ದು ಇದಕ್ಕಾಗಿಯೇ.

‘ರಿ’ ಒಂದೇ ಅಕ್ಷರ, ರೊಕ್ಕ ಬೀಳೂದಿಲ್ಲ. ಹಿರಿಯರು ಯಾರೇ ಇರಲಿ, ಹಚ್ಚೋಣ.

ಅಭ್ಯಾಸ: ಇವರನ್ನು ನೀವು ಹೇಗೆ ಕರೆಯುತ್ತೀರಿ? ಬರೆಯಿರಿ.
1. ಬಸ್ ಕಂಡಕ್ಟರ್
2. ಶಾಲೆ ಕಸ ಗುಡಿಸುವವರು
3. ಕೂಲಿಗೆ ಬರುವ ಅಜ್ಜ
ಮೂರೂ ಉತ್ತರಗಳಲ್ಲಿ ‘ರಿ’ ಇದೆಯೇ, ನೋಡಿರಿ.