ದೂರ ಅಷ್ಟೇ, ದಾರಿ ಬೇರೆ: ಹಿನಕಲ್‌ನಲ್ಲಿ ಟ್ರಯಥ್ಲಾನ್ ತಾಲೀಮು

ದಸರೆಗೆ ಮುಂಚೆ ಆನೆಗಳು ಅರಮನೆಯಿಂದ ಬನ್ನಿಮಂಟಪಕ್ಕೆ ತಾಲೀಮು ನಡೆಯುವುದನ್ನು ಮೈಸೂರಿನವರು ವರ್ಷಾವರ್ಷ ನೋಡುತ್ತಾರೆ. ಮೊದಲು ಬರಿಮೈ ನಡಿಗೆ, ಆಮೇಲೆ ಮರಳು ಮೂಟೆ, ಕೊನೆಗೆ ಮರದ ಅಂಬಾರಿ. 750 ಕಿಲೋ ತೂಕದ ಚಿನ್ನದ ಅಂಬಾರಿ ಹೊರುವ ದಿನ ಆನೆಗೆ ದಾರಿಯೂ ಹೊಸದಲ್ಲ, ಭಾರವೂ ಹೊಸದಲ್ಲ. ದೀರ್ಘ ದೂರದ ಟ್ರಯಥ್ಲಾನ್‌ಗೆ ಹೆಸರು ಕೊಟ್ಟವರಿಗೂ ಬೇಕಾದ್ದು ಇಂಥದೇ ತಾಲೀಮು. ಸ್ಪರ್ಧೆಯ ದಾರಿ ಬದಲಾಗಿ ಸೈಕಲ್ ಹಾದಿಗೆ ಏರು ಸೇರಿಕೊಂಡಿದ್ದರಂತೂ ಇನ್ನೂ ಹೆಚ್ಚು. ಅದಕ್ಕೆ ಮೂರು ದಿನ ಬಿಡುವು ಮಾಡಿಕೊಂಡು ಮೈಸೂರಿನ ಹಿನಕಲ್‌ಗೆ ಬನ್ನಿ.

ಬರುವ ಮೊದಲು ಒಂದು ಲೆಕ್ಕ

ಪೂರ್ಣ ಐರನ್‌ಮ್ಯಾನ್ ಅಂದರೆ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. ಅದರ ಅರ್ಧಕ್ಕೆ, ಮೈಲಿ ಲೆಕ್ಕದಲ್ಲಿ, 70.3 ಎಂದು ಹೆಸರು. ಗೋವಾದ ಮೀರಾಮಾರ್ ಕಡಲತೀರದಲ್ಲಿ 2019ರಲ್ಲಿ ಶುರುವಾದದ್ದು ಈ ಅರ್ಧದ ಸ್ಪರ್ಧೆ. ಈ ಅಂಕಿಗಳು ಎಲ್ಲಿ ಹೋದರೂ ಅವೇ. ಬದಲಾಗುವುದು ದಾರಿ.

ಅದು ಮೊದಲಿನಿಂದಲೂ ಹಾಗೇ. 1978ರಲ್ಲಿ ಹವಾಯಿಯ ಓವಾಹು ದ್ವೀಪದಲ್ಲಿ ಮೊದಲ ಸ್ಪರ್ಧೆ ಹೂಡಿದಾಗ, ದ್ವೀಪ ಸುತ್ತುವ ಸೈಕಲ್ ಪಂದ್ಯದ ಹಾದಿ 115 ಮೈಲಿ ಇತ್ತು. ಈಜು ಮುಗಿಯುವ ಜಾಗಕ್ಕೂ ಮ್ಯಾರಥಾನ್ ಶುರುವಾಗುವ ಜಾಗಕ್ಕೂ ಹೊಂದಿಸಲು ಮೂರು ಮೈಲಿ ಕತ್ತರಿಸಿದರು. ಇಂದಿನ 180 ಕಿ.ಮೀ. ಹುಟ್ಟಿದ್ದು ಆ ಕತ್ತರಿಯಿಂದ. 2023ರಲ್ಲಿ ಪುರುಷರ ವಿಶ್ವ ಚಾಂಪಿಯನ್‌ಷಿಪ್ ಹವಾಯಿ ಬಿಟ್ಟು ಫ್ರಾನ್ಸಿನ ನೀಸ್‌ಗೆ ಹೋಯಿತು. ಅಲ್ಲಿ ಸೈಕಲ್ ಹಾದಿಯೊಂದರಲ್ಲೇ ಸುಮಾರು 2,400 ಮೀಟರ್ ಏರು. ಅದೇ 180 ಕಿ.ಮೀ., ಆದರೆ ಕಾಲಿಗೆ ಬೇರೆಯೇ ಕೆಲಸ.

ಆದ್ದರಿಂದ ಆಯೋಜಕರು ಹೊಸ ನಕ್ಷೆ ಕಳಿಸಿದರೆ ಕಿಲೋಮೀಟರ್ ಆಮೇಲೆ ನೋಡಿ. ಒಟ್ಟು ಏರು ಎಷ್ಟು, ಅದು ಮೊದಲರ್ಧದಲ್ಲೋ ಕೊನೆಯಲ್ಲೋ, ಇಳಿಜಾರಿನಲ್ಲಿ ತಿರುವು ಎಷ್ಟು, ಇವು ಮೂರನ್ನು ಮೊದಲು ನೋಡಿ.

ತಲುಪುವುದು

ಹಿನಕಲ್ ಇರುವುದು ಹುಣಸೂರು ರಸ್ತೆ ಮತ್ತು ಔಟರ್ ರಿಂಗ್ ರೋಡ್ ಕೂಡುವಲ್ಲಿ. ಹಳೆಯ ನನ್ನೇಶ್ವರ ದೇವಸ್ಥಾನದ ಊರು ಈಗ ಮೇಲ್ಸೇತುವೆಯ ಊರೂ ಹೌದು. ಸೈಕಲ್ಲಿನವರು ಸೇತುವೆ ಹತ್ತದೆ ಕೆಳಗಿನ ದಾರಿ ಹಿಡಿಯುವುದು ಕ್ಷೇಮ. ಸಿಟಿ ಬಸ್ ಸ್ಟ್ಯಾಂಡಿನಿಂದ ಬಸ್ಸು ಸಿಗುತ್ತದೆ.

ಬೆಂಗಳೂರಿನಿಂದ ಸೈಕಲ್ ತುಳಿದುಕೊಂಡೇ ಬರುವವರಿಗೆ ಒಂದು ಮಾತು: ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಸೈಕಲ್ ನಿಷೇಧ. ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಹಂಪು, ಎದುರಿನಿಂದ ಬರುವ ಬೈಕು, ಬಿಸಿಲಿಗೆ ಹರವಿದ ರಾಗಿ ಎಲ್ಲ ಇದ್ದದ್ದೇ, ಸಮಯ ಜಾಸ್ತಿ ಇಟ್ಟುಕೊಳ್ಳಿ.

ಮೊದಲ ದಿನ: ಈಜು ಮತ್ತು ರಿಂಗ್ ರೋಡ್

ಸರಸ್ವತಿಪುರಂನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ 50 ಮೀಟರ್ ಈಜುಕೊಳ ಇದೆ. ಅರ್ಧದ ಸ್ಪರ್ಧೆಗೆ 38 ಸಲ ಈ ತುದಿಯಿಂದ ಆ ತುದಿ, ಪೂರ್ಣಕ್ಕೆ 76. ಹೊರಗಿನವರಿಗೆ ಯಾವ ಹೊತ್ತು ಬಿಡುತ್ತಾರೆಂದು ಮುಂಚೆಯೇ ವಿಚಾರಿಸಿ. ಕೆರೆ ಕಂಡ ಕೂಡಲೇ ಇಳಿಯುವ ಆಸೆ ಬೇಡ. ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆಗಳು ಹಕ್ಕಿಗಳಿಗೆ ಮೀಸಲು. ಕಾವೇರಿಯಲ್ಲಿ ಮೊಸಳೆ ಇದೆ.

ಈಜಿಗೆ ಮುಂಚೆ, ಬೆಳಗ್ಗೆಯೇ ರಿಂಗ್ ರೋಡಿನ ಸುತ್ತು ಮುಗಿಸಿ. ರಿಂಗ್ ರೋಡ್ ಒಂದು ಸುತ್ತು ಸುಮಾರು 42 ಕಿ.ಮೀ., ಹೆಚ್ಚುಕಡಿಮೆ ಒಂದು ಮ್ಯಾರಥಾನ್. ನಾಲ್ಕು ಸುತ್ತು ಹೊಡೆದು ಮೇಲೆ ಹನ್ನೆರಡು ಕಿಲೋಮೀಟರ್ ತುಳಿದರೆ 180. ಹಿನಕಲ್‌ನಿಂದ ಹೆಬ್ಬಾಳದ ಕಡೆ ಹೊರಟು, ಕೆಆರ್‌ಎಸ್ ರಸ್ತೆ, ಬೆಂಗಳೂರು ರಸ್ತೆ, ಬನ್ನೂರು, ತಿ. ನರಸೀಪುರ, ನಂಜನಗೂಡು ರಸ್ತೆಗಳನ್ನು ದಾಟಿ ಬೋಗಾದಿ ಮೇಲೆ ಮತ್ತೆ ಹಿನಕಲ್. ಬೆಳಗಿನ ಜಾವ ಐದಕ್ಕೇ ಶುರು ಮಾಡಿ. ಏಳು ದಾಟಿದರೆ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ ಫ್ಯಾಕ್ಟರಿಗಳ ಶಿಫ್ಟ್ ಬಸ್ಸುಗಳು ಸಾಲುಗಟ್ಟುತ್ತವೆ.

ಈ ಸುತ್ತು ಹದವಾದ ದಾರಿ, ಏರಿಳಿತ ಇದ್ದರೂ ಸಣ್ಣದು. ಆನೆಗೆ ಬರಿಮೈ ನಡಿಗೆ ಇದ್ದಂತೆ.

ಎರಡನೆಯ ದಿನ: ಮರಳು ಮೂಟೆ

ಚಾಮುಂಡಿ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್, ಊರಿಗಿಂತ ಸುಮಾರು 300 ಮೀಟರ್ ಮೇಲೆ. ನೀಸ್‌ನ ಏರು ನಿಮ್ಮ ಗುರಿಯಾದರೆ ಬೆಟ್ಟವನ್ನು ಎಂಟೊಂಬತ್ತು ಸಲ ಹತ್ತಬೇಕು. ಮೊದಲ ಸಲಕ್ಕೆ ಮೂರು ಸಾಕು.

ತಾವರೆಕಟ್ಟೆ ಕಡೆಯಿಂದ ಹತ್ತಿ. ಗೇಟು ತೆರೆಯುವ ಹೊತ್ತನ್ನು ಹಿಂದಿನ ದಿನವೇ ಕೇಳಿಕೊಳ್ಳಿ. ಚಿರತೆ ಓಡಾಡುವ ಕಾಡು, ಕತ್ತಲಲ್ಲಿ ಒಬ್ಬರೇ ಹೋಗುವುದು ಬೇಡ. ಮೊದಲ ಹತ್ತಿಕೆಯಲ್ಲಿ ಪಕ್ಕದವರ ಜತೆ ಮಾತಾಡಲು ಉಸಿರು ಉಳಿಯಬೇಕು. ಉಳಿಯದಿದ್ದರೆ ಗೇರ್ ಇಳಿಸಿ, ಅಭಿಮಾನವನ್ನೂ ಇಳಿಸಿ. ಇಳಿಯುವಾಗ ಬ್ರೇಕು ಒಂದೇ ಸಮ ಹಿಡಿದಿಟ್ಟರೆ ರಿಮ್ಮು ಕಾಯುತ್ತದೆ. ತಿರುವಿಗೆ ಮುಂಚೆ ಹಿಡಿದು, ತಿರುವಿನಲ್ಲಿ ಬಿಡಿ.

ಕೋತಿಗಳ ವಿಷಯ ನಗುವಂಥದಲ್ಲ. ಒಮ್ಮೆ ವ್ಯೂ ಪಾಯಿಂಟ್ ಬಳಿ ನಿಂತು ಬಾಟಲಿ ಎತ್ತಿದ್ದೇ, ಜರ್ಸಿಯ ಹಿಂದಿನ ಜೇಬಿನಿಂದ ಬಾಳೆಹಣ್ಣು ಹೋಯಿತು. ತಿರುಗಿ ನೋಡುವಷ್ಟರಲ್ಲಿ ಆ ಕೋತಿ ತಡೆಗೋಡೆಯ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಾ ಸಿಪ್ಪೆ ಸುಲಿಯುತ್ತಿತ್ತು. ತಿಂಡಿ ಜಿಪ್ಪಿನ ಚೀಲದಲ್ಲಿರಲಿ.

ಬೆಟ್ಟದ ಮೇಲೂ ದಾರಿ ಬದಲಾಗುತ್ತದೆ. ಬೆಟ್ಟದ ನಂದಿ ವಿಗ್ರಹಕ್ಕೆ ಹೋಗುವ ರಸ್ತೆ 2021ರ ಅಕ್ಟೋಬರ್ ಮಳೆಗೆ ಕುಸಿಯಿತು, ಮುಂದಿನ ವಾರಗಳಲ್ಲಿ ಮತ್ತೆ ಮತ್ತೆ ಜರಿಯಿತು, ವಾಹನ ನಿಂತುಹೋಯಿತು. ಅಲ್ಲಿಯವರೆಗೆ ಆ ರಸ್ತೆ ನಂಬಿಕೊಂಡಿದ್ದವರೆಲ್ಲ ಬೇರೆ ದಾರಿ ಹುಡುಕಿದರು. ಹಳೆಯ ನಕ್ಷೆ ಹಿಡಿದು ಬರುವವರು ಗೇಟಿನ ಬಳಿ ಒಂದು ಮಾತು ಕೇಳಿಯೇ ಹತ್ತಿ.

ಸೈಕಲ್ ಇಳಿದ ಕೂಡಲೇ ಓಡುವ ಅಭ್ಯಾಸಕ್ಕೆ ಕುಕ್ಕರಹಳ್ಳಿ ಕೆರೆಯ ಏರಿಯ ನೆರಳು ಚೆನ್ನ. ಮೊದಲ ಹತ್ತು ನಿಮಿಷ ಕಾಲು ನಿಮ್ಮದಲ್ಲ ಅನ್ನಿಸುತ್ತದೆ. ಅದನ್ನು ಇಲ್ಲೇ ಪರಿಚಯ ಮಾಡಿಕೊಳ್ಳಿ.

ಮೂರನೆಯ ದಿನ: ಮೇಲುಕೋಟೆ

ಮೈಸೂರಿನಿಂದ ಮೇಲುಕೋಟೆ ಸುಮಾರು 50 ಕಿ.ಮೀ. ಪಾಂಡವಪುರದ ಗದ್ದೆ, ಕಬ್ಬು, ನಾಲೆಗಳ ಮಧ್ಯೆ ಸಲೀಸಾಗಿ ಸಾಗುವ ದಾರಿ ಕೊನೆಯಲ್ಲಿ ಏರು ಒಡ್ಡುತ್ತದೆ. ದಣಿದ ಕಾಲಿನಲ್ಲಿ ಹತ್ತುವ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಹಾದಿ ಹತ್ತಿರದಲ್ಲಿ ಇಲ್ಲ. ಮೇಲೆ ಪುಳಿಯೋಗರೆ ಸಿಗುತ್ತದೆ: ಅನ್ನ, ಉಪ್ಪು, ಹುಳಿ, ಬೆಲ್ಲ, ಎಣ್ಣೆ. ಬೆವರು ಹರಿಸಿದ ಮೈಗೆ ಬೇಕಾದ್ದೆಲ್ಲ ಒಂದೇ ದೊನ್ನೆಯಲ್ಲಿ. ಆದರೆ ಹೋಗಿ ಬಂದರೆ ನೂರು ಕಿ.ಮೀ.; ಅರ್ಧ ದೊನ್ನೆ ತಿಂದು ಉಳಿದದ್ದು ಕಟ್ಟಿಸಿಕೊಳ್ಳಿ.

ಹಿಮವದ್ ಗೋಪಾಲಸ್ವಾಮಿ ಬೆಟ್ಟ 1,454 ಮೀಟರ್ ಎಂದು ಓದಿ ಅತ್ತ ಸೈಕಲ್ ತಿರುಗಿಸಬೇಡಿ. ಅದು ಬಂಡೀಪುರದ ಹುಲಿಕಾಡು, ಖಾಸಗಿ ವಾಹನಗಳನ್ನು ಬುಡದಲ್ಲೇ ನಿಲ್ಲಿಸಿ ಬಸ್ಸಿನಲ್ಲಿ ಕರೆದೊಯ್ಯುತ್ತಾರೆ.

ಯಾವಾಗ ಬೇಡ

ಆಷಾಢ ಶುಕ್ರವಾರಗಳಂದು ಚಾಮುಂಡಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ, ಅಂದು ಬೆಟ್ಟ ಭಕ್ತರದು. ದಸರೆಯ ಹತ್ತು ದಿನ ಊರೊಳಗೆ ಪೊಲೀಸರು ದಾರಿ ತಿರುಗಿಸುತ್ತಾರೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಬೆಳಗು ತಂಪು, ರಸ್ತೆ ಒಣ. ಅದೇ ಸರಿಯಾದ ಕಾಲ.

ಬರುವಾಗ ಎರಡು ಟ್ಯೂಬು, ಪಂಪು, ಹಿಂದಿನ ಕೆಂಪು ದೀಪ ತನ್ನಿ. ಹೊರಡುವ ದಿನ ಸ್ಪರ್ಧೆಯ ನಕ್ಷೆಯನ್ನು ಮತ್ತೊಮ್ಮೆ ತೆರೆಯಿರಿ. ಮೊದಲು ಬರೀ ಗೆರೆಯಾಗಿ ಕಂಡಿದ್ದ ಏರು ಈಗ ಚಾಮುಂಡಿಯ ಎರಡನೇ ಹತ್ತಿಕೆಯಂತೆಯೋ ಮೇಲುಕೋಟೆಯ ಕೊನೆಯ ತಿರುವಿನಂತೆಯೋ ಕಂಡರೆ, ಮೂರು ದಿನದ ಖರ್ಚು ಗಿಟ್ಟಿದಂತೆ.