ಗುಲಗಂಜಿ ತೂಕದ ಗೇರ್‌ಬಾಕ್ಸ್

2025ರ ಫೆಬ್ರವರಿ 12, ಮಾಘ ಹುಣ್ಣಿಮೆ. ತಿರುಮಕೂಡಲು ನರಸೀಪುರದ ಕುಂಭಮೇಳದ ಕೊನೆಯ ದಿನ. ಆರು ವರ್ಷ ಬಿಟ್ಟು ನಡೆದ ಮೇಳ, ಜನವೋ ಜನ. ನಂಜನಗೂಡಿನಿಂದ ಮೈಸೂರು ಸುತ್ತದೆ ಒಳದಾರಿ ಹಿಡಿದರೆ ಮೂವತ್ತು ಕಿಲೋಮೀಟರಿನ ಆಸುಪಾಸು. ಮುಕ್ಕಾಲು ಗಂಟೆಯ ಆ ದಾರಿ ಅಂದು ಎರಡೂವರೆ ಗಂಟೆ ಹಿಡಿದರೂ ಮುಗಿದಿರಲಿಲ್ಲ. ಊರು ಇನ್ನೂ ನಾಲ್ಕು ಕಿಲೋಮೀಟರ್ ಇದೆ ಅನ್ನುವಾಗ ನನ್ನ ಹದಿಮೂರು ವರ್ಷದ ಕಾರು ಮೊಂಡುಬಿತ್ತು. ಆಕ್ಸಿಲರೇಟರ್ ತುಳಿದರೆ ಎಂಜಿನ್ ಅರಚುತ್ತದೆ, ಗಾಡಿ ಮಾತ್ರ ಕದಲುವುದಿಲ್ಲ. ಹಿಂದೆ ಕೂತಿದ್ದ ಅತ್ತೆ ಮೂಗು ಅರಳಿಸಿ, ‘ಏನೋ ಸೀದು ಹೋಗ್ತಾ ಅದೆ ನೋಡಿ’ ಅಂದರು. ಒಲೆ ಮುಂದೆ ಐವತ್ತು ವರ್ಷ ಕಳೆದ ಮೂಗು. ತಪ್ಪಲಿಲ್ಲ.

ನನ್ನದು ಆಟೊಮ್ಯಾಟಿಕ್ ಕಾರು. ಷೋಕಿಗೆ ಕೊಂಡದ್ದಲ್ಲ. ಎಡ ಮೊಣಕಾಲಿಗೆ ಆಪರೇಷನ್ ಆದ ಮೇಲೆ ಕ್ಲಚ್ ತುಳಿಯುವುದು ಬೇಡ ಎಂದು ಡಾಕ್ಟರು ಹೇಳಿದರು. 2017ರಲ್ಲಿ ಸೆಕೆಂಡ್ ಹ್ಯಾಂಡ್ ಸೆಡಾನ್ ಒಂದನ್ನು 3.6 ಲಕ್ಷಕ್ಕೆ ತಂದೆ. ಓಡಿದ್ದು ಕಮ್ಮಿ, ಮೈಬಣ್ಣ ಚೆನ್ನಾಗಿತ್ತು. ಗೇರ್‌ಬಾಕ್ಸ್ ಎಣ್ಣೆ ಯಾವಾಗ ಬದಲಾಯಿಸಿದ್ದೀರಿ ಎಂದು ಮಾರಿದವರನ್ನು ನಾನು ಕೇಳಲಿಲ್ಲ. ಆಮೇಲೆ ಸರ್ವಿಸ್‌ನವರು ಎರಡು ಸಲ, 7,000 ರೂಪಾಯಿ ಆಗ್ತದೆ, ಬದಲಾಯಿಸೋಣವಾ ಅಂದರು. ಎರಡು ಸಲವೂ ‘ಮುಂದಿನ ಸಲ ನೋಡೋಣ’ ಅಂದೆ. ಅದಕ್ಕೆ ಎಣ್ಣೆ ಬದಲಾಯಿಸುವುದೇ ಬೇಡ, ಕಾರು ಇರುವಷ್ಟು ದಿನ ಅದೂ ಇರುತ್ತದೆ ಎಂದು ಯಾರೋ ಹೇಳಿದ್ದು ನನಗೆ ಅನುಕೂಲವಾಗಿ ನೆನಪಿತ್ತು. ದುಡ್ಡು ಉಳಿಸುವ ಮಾತು ಯಾರ ಬಾಯಿಂದ ಬಂದರೂ ನಂಬುವ ಚಾಳಿ ನಮ್ಮದು.

ಹಳೇ ಬಗೆಯ ಆಟೊಮ್ಯಾಟಿಕ್‌ನಲ್ಲಿ ಎಂಜಿನ್ನಿಗೂ ಗೇರಿಗೂ ನೇರ ನಂಟಿಲ್ಲ, ನಡುವೆ ಇರುವುದು ಎಣ್ಣೆ. ಬಚ್ಚಲ ಹಂಡೆಯ ನೀರನ್ನು ಕೈಯಲ್ಲಿ ಜೋರಾಗಿ ತಿರುವಿದರೆ ಅದರಲ್ಲಿ ತೇಲುವ ತಂಬಿಗೆಯೂ ತಿರುಗುತ್ತದಲ್ಲ, ಹಾಗೆ. ಆ ಹಂಡೆಯ ಹೆಸರು ಟಾರ್ಕ್ ಕನ್ವರ್ಟರ್. ಗಾಡಿ ಸರಾಗವಾಗಿ ಓಡುವಾಗ ಕೈಯೂ ತಂಬಿಗೆಯೂ ಹೆಚ್ಚುಕಮ್ಮಿ ಒಂದೇ ವೇಗದಲ್ಲಿರುತ್ತವೆ. ಜಾತ್ರೆಯ ದಟ್ಟಣೆಯಲ್ಲಿ ನಿಂತು, ಅಂಗುಲ ತೆವಳಿ, ಮತ್ತೆ ನಿಂತರೆ ಕೈ ತಿರುವುತ್ತಲೇ ಇರುತ್ತದೆ, ತಂಬಿಗೆ ನಿಂತಿರುತ್ತದೆ. ಆ ವ್ಯರ್ಥ ಕಷ್ಟವೆಲ್ಲ ಬಿಸಿಯಾಗಿ ಎಣ್ಣೆ ಸೇರುತ್ತದೆ. ಅದೇ ಎಣ್ಣೆ ಒತ್ತಡ ಕೊಟ್ಟು ಒಳಗಿನ ಕ್ಲಚ್ ಪ್ಲೇಟುಗಳನ್ನು ಅಮುಕಿ ಹಿಡಿಯಬೇಕು, ಅದೇ ತಂಪೂ ಮಾಡಬೇಕು. ವಯಸ್ಸಾದ ಎಣ್ಣೆಗೆ ಇಷ್ಟೊಂದು ಚಾಕರಿ ಆಗುವುದಿಲ್ಲ. ಪ್ಲೇಟು ಜಾರುತ್ತದೆ, ಜಾರಿದರೆ ಇನ್ನಷ್ಟು ಬಿಸಿ, ಬಿಸಿಗೆ ಪ್ಲೇಟಿನ ಮೇಲ್ಪದರ ಸುಟ್ಟು ಪುಡಿಯಾಗಿ, ಆ ಪುಡಿ ಇರುವೆ ಗೂಡಿನಂಥ ಸಣ್ಣ ಓಣಿಗಳಿರುವ ವಾಲ್ವ್ ಬಾಡಿಗೆ ಹೊಗುತ್ತದೆ. ಅಲ್ಲಿಂದ ಮುಂದೆ ಇಳಿಜಾರು.

ರಸ್ತೆ ಬದಿ ನಿಂತಿದ್ದ ನಮ್ಮನ್ನು ಕಂಡು ಹಳ್ಳಿಯ ನಾಲ್ಕು ಹುಡುಗರು ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿದರು. ಗಾಡಿಯನ್ನು ಹಿಂದಕ್ಕೆ ತಿರುಗಿಸಿ, ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಆರಿಸಿ, ಆರು ಕಿಲೋಮೀಟರ್ ಎಳೆದರು. ದುಡ್ಡು ಕೊಡಹೋದರೆ, ‘ಮೇಳಕ್ಕೆ ಬಂದೋರ್ ತಾವ ಇಸ್ಕೊಂಡ್ರೆ ಪಾಪ ಸುತ್ಕತದೆ ಸಾ’ ಅಂದುಬಿಟ್ಟರು. ಅವರ ಹೊಟ್ಟೆ ತಣ್ಣಗಿರಲಿ. ಆದರೆ ಆಟೊಮ್ಯಾಟಿಕ್ ಗಾಡಿಯನ್ನು ಹಾಗೆ ಎಳೆಯಬಾರದಂತೆ. ಗೇರ್‌ಬಾಕ್ಸಿನ ಎಣ್ಣೆ ಪಂಪು ತಿರುಗುವುದು ಎಂಜಿನ್ನಿನಿಂದ. ಎಂಜಿನ್ ಆರಿದ್ದಾಗ ಚಕ್ರ ಉರುಳಿದರೆ ಒಳಗೆಲ್ಲ ಒಣ ತಿಕ್ಕಾಟ. ಅಂಥ ಗಾಡಿಯನ್ನು ಫ್ಲಾಟ್‌ಬೆಡ್ ಲಾರಿಯ ಬೆನ್ನ ಮೇಲೆ ಹೊತ್ತೊಯ್ಯಬೇಕು. ಇದನ್ನು ನನಗೆ ಹೇಳಿದ್ದು ನಾಲ್ಕು ತಿಂಗಳ ಮೇಲೆ ಗೇರ್‌ಬಾಕ್ಸ್ ಬಿಚ್ಚಿದ ಮೇಸ್ತ್ರಿ. ಪುಕ್ಕಟೆ ಸಹಾಯದ ಬೆಲೆ ಎಷ್ಟೆಂದು ಕೇಳಲು ನನಗೆ ಮನಸ್ಸಾಗಲಿಲ್ಲ.

ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ, ನೋಡಿದವರಿಗೆ ಗೊತ್ತು. ತಿರುಮಕೂಡಲು ಕಾಶಿಗಿಂತ ಗುಲಗಂಜಿ ತೂಕದಷ್ಟು ಹೆಚ್ಚು ಎಂಬುದು ಅದರ ಅರ್ಥ. ಚಿನಿವಾರರು ಹಿಂದೆ ಚಿನ್ನ ತೂಗುತ್ತಿದ್ದದ್ದೂ ಅದೇ ಬೀಜದಲ್ಲಿ. ಮುಂದಿನ ತಿಂಗಳೆಲ್ಲ ನಾನು ಮಾಡಿದ ಲೆಕ್ಕ ಆ ತಕ್ಕಡಿಯಲ್ಲಿ ಕಬ್ಬಿನ ಲಾರಿ ತೂಗಿದ ಹಾಗಿತ್ತು.

ಮೊದಲು ಮೈಸೂರಿನ ಕಂಪನಿ ಸರ್ವಿಸ್ ಸೆಂಟರ್. ಅವರು ಗೇರ್‌ಬಾಕ್ಸ್ ಬಿಚ್ಚುವುದೇ ಇಲ್ಲ, ಹೊಸದನ್ನೇ ಹಾಕುತ್ತಾರೆ. ಅಂದಾಜುಪಟ್ಟಿ 3,85,000 ರೂಪಾಯಿ. ಓಡುವ ಸ್ಥಿತಿಯಲ್ಲಿದ್ದರೆ ನನ್ನ ಕಾರಿಗೆ ಮಾರುಕಟ್ಟೆಯಲ್ಲಿ 2.1 ಲಕ್ಷ, ನಿಂತ ಸ್ಥಿತಿಯಲ್ಲಿ ಬ್ರೋಕರ್ ಹೇಳಿದ್ದು 65,000. ಹೊಸ ಗೇರ್‌ಬಾಕ್ಸ್ ಮಾತು ಅಲ್ಲಿಗೆ ಮುಗಿಯಿತು. ವಿಮೆ ಏಜೆಂಟರಿಗೂ ಒಂದು ಫೋನ್ ಮಾಡಿದೆ. ಅಪಘಾತ, ಬೆಂಕಿ, ಕಳವು, ಪ್ರವಾಹ ಇವಕ್ಕೆ ಉಂಟು. ಸವೆತಕ್ಕೆ, ಯಂತ್ರ ತಾನಾಗಿ ಕೆಟ್ಟದ್ದಕ್ಕೆ ಇಲ್ಲ. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯೇ ಮುಳುಗಿತ್ತಲ್ಲ, ಆಗ ಕಾರು ಅಲ್ಲಿ ಸಿಕ್ಕಿಹಾಕಿಕೊಂಡಿದ್ದರೆ ಕೇಳುವ ದಾರಿಯಾದರೂ ಇರುತ್ತಿತ್ತು.

ಉಳಿದದ್ದು ಎರಡು ದಾರಿ. ಇದ್ದ ಗೇರ್‌ಬಾಕ್ಸನ್ನೇ ಬಿಚ್ಚಿ ರೀಬಿಲ್ಡ್ ಮಾಡಿಸುವುದು: ಬೆಂಗಳೂರಿನ ಆಟೊ ಗೇರ್ ಮೇಸ್ತ್ರಿ ಹೇಳಿದ್ದು 1,25,000. ಇಲ್ಲವೇ ಗುಜರಿಗೆ ಬಂದ ಅದೇ ಮಾದರಿ ಕಾರಿನ ಗೇರ್‌ಬಾಕ್ಸ್ ತಂದು ಕೂರಿಸುವುದು: ಮಾಲು 62,000, ಕೂಲಿ 14,000, ಎಣ್ಣೆ 9,000, ಒಟ್ಟು 85,000. ‘ಒಂದೇ ದಿನದ ಕೆಲಸ ಸಾರ್, ಕೀ ತಗೊಂಡು ಹೋಗ್ತಾ ಇರಿ’ ಎಂದರು ಎರಡನೆಯವರು. 40,000 ಉಳಿಯುತ್ತದೆ ಎಂದು ಹಿಗ್ಗಿದೆ. ಆ 40,000 ಉಳಿತಾಯವಲ್ಲ, ಗೊತ್ತಿಲ್ಲದ್ದನ್ನು ಕೊಂಡದ್ದಕ್ಕೆ ಸಿಕ್ಕ ರಿಯಾಯಿತಿ ಎಂಬುದು ಆಗ ಹೊಳೆಯಲಿಲ್ಲ. ಆ ಗೇರ್‌ಬಾಕ್ಸ್ ಎಷ್ಟು ಓಡಿತ್ತು, ಅದರ ಹಳೇ ಯಜಮಾನನೂ ನನ್ನ ಹಾಗೆ ‘ಮುಂದಿನ ಸಲ’ ಅನ್ನುವವನಾಗಿದ್ದನೋ, ಹೇಳುವವರಿಲ್ಲ. ಬಿಲ್ಲಿನ ಹಿಂದೆ ಪೆನ್ನಿನಲ್ಲಿ ‘30 ದಿನ ಟೆಸ್ಟಿಂಗ್ ವಾರಂಟಿ’ ಎಂದು ಬರೆದಿದ್ದರು.

ನಂಜನಗೂಡಿನ ದೊಡ್ಡ ಜಾತ್ರೆಗೆ ಕಾರು ಮನೆ ಮುಂದಿತ್ತು. ಶ್ರೀಕಂಠೇಶ್ವರನ ತೇರು ಸುಸೂತ್ರವಾಗಿ ನೆಲೆ ಸೇರಿತು. ನನ್ನ ತೇರು ಏಳು ವಾರ ಓಡಿ, ತಾಂಡವಪುರದ ಹತ್ತಿರ ಮತ್ತೆ ಅದೇ ಅರಚಾಟ, ಅದೇ ಸೀದ ವಾಸನೆ. ವಾರಂಟಿ ಮುಗಿದು ಹತ್ತೊಂಬತ್ತು ದಿನ. ಕೂರಿಸಿದವರು ಫೋನ್ ಎತ್ತಿದರು, ಸೌಜನ್ಯದಿಂದಲೇ ಮಾತಾಡಿದರು, ದುಡ್ಡಿನ ವಿಷಯಕ್ಕೆ ಮಾತ್ರ ನೆಟ್‌ವರ್ಕ್ ಸಿಗಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಗೇರ್‌ಬಾಕ್ಸಿನ ಎಣ್ಣೆ ರೇಡಿಯೇಟರಿನೊಳಗಿನ ಕೂಲರಿಗೆ ಹೋಗಿ ತಣ್ಣಗಾಗಿ ಬರುತ್ತದೆ. ಹಳೇ ಗೇರ್‌ಬಾಕ್ಸ್ ಸುಟ್ಟಾಗಿನ ಪುಡಿಯೆಲ್ಲ ಆ ಕೂಲರಿನಲ್ಲೇ ಕೂತಿತ್ತು. ಅದನ್ನು ತೊಳೆಯದೆ ಬೇರೆ ಗೇರ್‌ಬಾಕ್ಸ್ ಕೂರಿಸಿದ್ದರಿಂದ ಹಳೇ ಮನೆಯ ಕಸವೆಲ್ಲ ಹೊಸ ಬಾಡಿಗೆದಾರನ ಹೊಟ್ಟೆಗೆ. ತೊಳೆಯಿಸುವ ಖರ್ಚು ಎಷ್ಟಾಗುತ್ತಿತ್ತು ಎಂದು ಕೇಳಿದೆ. ಎರಡು ಸಾವಿರದೊಳಗೆ.

ಆ ರಾತ್ರಿ ಡೈರಿ ಬಿಚ್ಚಿ ಕೂತೆ. 85,000 ಆಗಲೇ ಹೋಗಿದೆ. ಇನ್ನು 1,25,000, ಜತೆಗೆ ಬೆಂಗಳೂರಿಗೆ ಫ್ಲಾಟ್‌ಬೆಡ್ ಬಾಡಿಗೆ 9,500. ಮೂರೂ ಕೂಡಿದರೆ 2,19,500. ಕಾರಿನ ಬೆಲೆಯೇ 2.1 ಲಕ್ಷ. ಬುದ್ಧಿ ಇರುವವನು ಯಾರಾದರೂ ಮಾಡಿಸುತ್ತಾನೆಯೇ? ನನ್ನ ಗೊಣಗಾಟ ಕೇಳಿ ಮನೆಯವಳು, ‘ಹೋದ ಮಳೆಗೆ ಈಗ ಕೊಡೆ ಹಿಡೀತೀರಾ? ಆ ಎಂಬತ್ತೈದು ತೆಗೆದಿಟ್ಟು ಲೆಕ್ಕ ಹಾಕಿ’ ಅಂದಳು. ಇಪ್ಪತ್ತು ವರ್ಷದಿಂದ ಹಣಕಾಸಿನ ಬಗ್ಗೆ ಬರೆಯುತ್ತಿರುವವನು ನಾನು.

ತೆಗೆದಿಟ್ಟು ಹಾಕಿದೆ. ಅಂದಿನ ಸ್ಥಿತಿಯಲ್ಲಿ ಮಾರಿದರೆ 65,000. ಇನ್ನು 1,34,500 ಸುರಿದರೆ ಕೈಯಲ್ಲಿ 2.1 ಲಕ್ಷದ ಕಾರು. ಅಂದರೆ ಹಾಕುವ ದುಡ್ಡಿಗಿಂತ ಕಾರಿನ ಬೆಲೆ ಏರುವುದೇ ಹತ್ತು ಸಾವಿರ ಹೆಚ್ಚು. ರಿಪೇರಿಯನ್ನು ನಾನು ಕಾರಿನ ಇಡೀ ಬೆಲೆಯ ಎದುರು ತೂಗುತ್ತಿದ್ದೆ. ತೂಗಬೇಕಾದ್ದು ನಿಂತ ಕಾರಿಗೂ ಓಡುವ ಕಾರಿಗೂ ಇರುವ ಅಂತರದ ಎದುರು. ಇದಕ್ಕೊಂದು ಷರತ್ತೂ ಉಂಟು. ಮಿಕ್ಕ ಕಾರು ಗಟ್ಟಿಯಾಗಿರಬೇಕು. ಎಂಜಿನ್ ಹೊಗೆ ಉಗುಳುತ್ತಿದ್ದರೆ, ತಳ ತುಕ್ಕು ಹಿಡಿದಿದ್ದರೆ ಆ 2.1 ಲಕ್ಷ ಬರೀ ಬಾಯಿಮಾತು. ಆರ್‌ಸಿ ಅವಧಿಯನ್ನೂ ನೋಡಬೇಕು. ನನ್ನದು 2012ರ ಗಾಡಿ, 15 ವರ್ಷ ತುಂಬಲು ಆಗ ಎರಡು ವರ್ಷ ಬಾಕಿ ಇತ್ತು. ಆಮೇಲೆ ಐದು ವರ್ಷಕ್ಕೆ ನವೀಕರಿಸಬಹುದು. ಮೊದಲು 600 ರೂಪಾಯಿ ಇದ್ದ ಆ ಶುಲ್ಕವನ್ನು 2022ರ ಏಪ್ರಿಲ್‌ನಿಂದ 5,000 ಮಾಡಿದ್ದಾರೆ. ಹಸಿರು ತೆರಿಗೆ ಬೇರೆ.

ಹೊಸ ಕಾರಿನ ಲೆಕ್ಕವನ್ನೂ ಬಿಡಲಿಲ್ಲ. ಷೋರೂಂ ಬೆಲೆ 7.2 ಲಕ್ಷದ ಸಣ್ಣ ಆಟೊಮ್ಯಾಟಿಕ್. ಆ ಬೆಲೆಗೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಶೇ 14, ಮೇಲೆ ಸೆಸ್, ಅದೇ 1.1 ಲಕ್ಷ. ರಸ್ತೆಗೆ ಇಳಿಯುವಾಗ ಎಂಟೂವರೆ. ಆರೂವರೆ ಲಕ್ಷ ಸಾಲ, ಐದು ವರ್ಷ, ಶೇ 9.5 ಬಡ್ಡಿ ಅಂದರೆ ತಿಂಗಳ ಕಂತು 13,650. ಆದರೆ ಕಂತೇ ಖರ್ಚಲ್ಲ, ಅಸಲಿನಷ್ಟು ಕಾರು ನಮ್ಮದಾಗುತ್ತಿರುತ್ತದೆ. ನಿಜವಾದ ಖರ್ಚು ಬಡ್ಡಿ, ತೆರಿಗೆ ಮತ್ತು ಬೆಲೆ ಇಳಿಕೆ. ವಿಮೆಯವರ ಕೋಷ್ಟಕದಲ್ಲಿ ಮೂರು ವರ್ಷ ದಾಟಿದ ಕಾರಿನ ಬೆಲೆ ಶೇ 40 ಇಳಿಯುತ್ತದೆ. ಎಲ್ಲ ಕೂಡಿಸಿದರೆ ಮೂರು ವರ್ಷಕ್ಕೆ ಐದೂವರೆ ಲಕ್ಷದ ಹತ್ತಿರ, ತಿಂಗಳಿಗೆ 15,000ದ ಮೇಲೆ. ಹಳೇ ಕಾರು ರಿಪೇರಿಯಾಗಿ ಅದೇ ಮೂರು ವರ್ಷ ಓಡಿದರೆ, ಮುಳುಗಿದ 85,000 ಸೇರಿಸಿಯೂ ತಿಂಗಳಿಗೆ ಆರು ಸಾವಿರ ಚಿಲ್ಲರೆ. ಹಳೇ ಗಾಡಿಯ ಇತರೆ ಕಾಯಿಲೆಗಳಿಗೆ ಎರಡೂವರೆ ಸಾವಿರ ಇಟ್ಟುಕೊಳ್ಳಿ.

ಕಾರೇ ಬೇಡ ಅನ್ನುವ ದಾರಿಯನ್ನೂ ಗಂಭೀರವಾಗಿ ಯೋಚಿಸಿದೆ. ಗಾಡಿ ಬೆಂಗಳೂರಿನಲ್ಲಿದ್ದ ಐದು ವಾರ ನರಸೀಪುರಕ್ಕೆ ಕೆಲಸಕ್ಕೆ ಹೋದದ್ದು ಬಸ್ಸಿನಲ್ಲೇ. ಹೆಂಡತಿಗೆ ಶಕ್ತಿ ಯೋಜನೆಯಲ್ಲಿ ಪುಕ್ಕಟೆ, ನನಗೆ ಟಿಕೆಟ್. ಪೆಟ್ರೋಲಿನ ದುಡ್ಡು ಉಳಿದದ್ದು ಕಣ್ಣಿಗೆ ಕಾಣುತ್ತಿತ್ತು. ಮೊಣಕಾಲು ಮಾತ್ರ ಮೂರನೇ ವಾರಕ್ಕೆ ಬಸ್ಸಿನ ಮೆಟ್ಟಿಲ ಮೇಲೆ ಅರ್ಜಿ ಹಾಕಿತು. ಮೊಣಕಾಲು ನೆಟ್ಟಗಿದ್ದಿದ್ದರೆ ಈ ಅಂಕಣ ಬಸ್ಸಿನ ಬಗ್ಗೆ ಇರುತ್ತಿತ್ತು.

ದುಡ್ಡು ಹೊಂದಿಸುವುದರಲ್ಲೂ ಒಂದು ಪೆಟ್ಟು ತಿಂದಿದ್ದೆ. ಮೊದಲ 85,000ವನ್ನು ಕ್ರೆಡಿಟ್ ಕಾರ್ಡಿಗೆ ಉಜ್ಜಿ ಕಂತು ಮಾಡಿಸಿಕೊಂಡೆ. ಶೇ 15 ಬಡ್ಡಿ, ಸಂಸ್ಕರಣಾ ಶುಲ್ಕ, ಸಾಲದ್ದಕ್ಕೆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ. ಎರಡನೇ ಸಲ ಠೇವಣಿಯ ಮೇಲೆ ಸಾಲ ತೆಗೆದೆ. ಠೇವಣಿಗೆ ಬರುವ ಬಡ್ಡಿಗಿಂತ ಶೇ 1 ಹೆಚ್ಚು, ಅಷ್ಟೇ. ಠೇವಣಿ ಮುರಿಯಲೂ ಇಲ್ಲ, ದಂಡವೂ ಇಲ್ಲ, ಎಂಟು ತಿಂಗಳಲ್ಲಿ ತೀರಿತು.

ಬೆಂಗಳೂರಿನ ಮೇಸ್ತ್ರಿ ಎಣ್ಣೆ ಇಳಿಸಿ ಬೆರಳಿಗೆ ಸವರಿ ಮೂಸಿದರು. ಹೊಸ ಎಣ್ಣೆ ಕುಂಕುಮದ ನೀರಿನ ಹಾಗೆ ಕೆಂಪು, ಇದು ಹುಳಿ ಕಾಯಿಸಿದ ಬಾಣಲೆಯ ತಳದ ಬಣ್ಣ. ‘ರೋಸ್ ಮಿಲ್ಕ್ ಥರ ಇದ್ದಿದ್ರೆ ರೇಡಿಯೇಟರ್ ನೀರು ಬೆರೆತಿದೆ ಅಂತ, ಅದು ಇನ್ನೂ ಕೆಟ್ಟದ್ದು’ ಎಂದು ಸಮಾಧಾನ ಹೇಳಿದರು. ನನ್ನ ಮೊದಲಿನ ಗೇರ್‌ಬಾಕ್ಸನ್ನು ನನ್ನ ಎದುರೇ ಬಿಚ್ಚಿದರು, ಸುಟ್ಟ ಪ್ಲೇಟುಗಳನ್ನು ವೃತ್ತಪತ್ರಿಕೆಯ ಮೇಲೆ ಸಾಲಾಗಿ ಜೋಡಿಸಿದರು. ಬಿಲ್ಲು ಬಿಡಿಬಿಡಿಯಾಗಿತ್ತು: ಪ್ಲೇಟು, ಸೀಲುಗಳ ಕಿಟ್ 48,000, ಟಾರ್ಕ್ ಕನ್ವರ್ಟರ್ ಕತ್ತರಿಸಿ ಹೊಸದು ಮಾಡಿದ್ದಕ್ಕೆ 22,000, ವಾಲ್ವ್ ಬಾಡಿ ಮತ್ತು ಸೊಲೆನಾಯ್ಡ್ 18,000, ಎಣ್ಣೆ ಮತ್ತು ಕೂಲರ್ ತೊಳೆದದ್ದು 12,000, ಕೂಲಿ 25,000. ಒಂದು ವರ್ಷ ಅಥವಾ 20,000 ಕಿಲೋಮೀಟರ್ ವಾರಂಟಿ, ಅಚ್ಚಾದ ಕಾಗದದಲ್ಲಿ, ಸೀಲು ಸಹಿತ. ಸತ್ತ ಎರಡನೇ ಗೇರ್‌ಬಾಕ್ಸನ್ನು ಅವರೇ 12,000ಕ್ಕೆ ಇಟ್ಟುಕೊಂಡರು. ಬಿಡಿಭಾಗಗಳ ಮೇಲೆ ಆಗ ಶೇ 28 ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿಯಿತು. ನನ್ನ ಕಾರಿನ ಪಂಚಾಂಗವೇ ಹಾಗೆ.

ಡೈರಿಯಲ್ಲಿ ಆ 12,000 ಕಳೆದು ಒಟ್ಟು ಖರ್ಚು 2,07,500 ಎಂದು ಬರೆದು, ಪ್ರತಿ ತಿಂಗಳ ಒಂದನೇ ತಾರೀಕು ಅದನ್ನು ಓಡಿದ ತಿಂಗಳುಗಳಿಂದ ಭಾಗಿಸುತ್ತೇನೆ. ಮೊದಲ ತಿಂಗಳು 2,07,500, ಎರಡನೆಯದಕ್ಕೆ 1,03,750. ಇದನ್ನು ಬರೆಯುವಾಗ ಒಂಬತ್ತನೇ ತಿಂಗಳು ತುಂಬಿದೆ: 23,055. ಹೊಸ ಕಾರಿಗಿಂತ ಇನ್ನೂ ದುಬಾರಿ. ಇತರೆ ರಿಪೇರಿಯನ್ನೂ ಹಿಡಿದರೆ ಹದಿನೇಳನೇ ತಿಂಗಳಿಗೆ ಸರಿಸಮ ಆಗಬೇಕು. ಅತ್ತೆ ಈಗಲೂ ಹಿಂದಿನ ಸೀಟಿನಲ್ಲಿ ಕೂತ ಕೂಡಲೇ ಒಮ್ಮೆ ಮೂಗು ಅರಳಿಸಿ ನೋಡುತ್ತಾರೆ.